ವಾಕ್ ಟೆಸ್ಟ್ ಹೋಗದ ಜಾಗಗಳು

ಕಟ್ಟಡದೊಳಗೆ ಮೊಬೈಲ್ ಸಿಗ್ನಲ್ ಹಂಚುವ ಕೆಲಸ ಮುಗಿದ ಮೇಲೆ ಕೊನೆಗೆ ಒಂದು ಫೈಲ್ ಕೈಗೆ ಬರುತ್ತದೆ. ಅದರಲ್ಲಿ ಪ್ರತಿ ಮಹಡಿಯ ನಕ್ಷೆ ಇರುತ್ತದೆ. ನಕ್ಷೆಯ ಮೇಲೆ ಸಾಲು ಸಾಲು ಚುಕ್ಕಿಗಳು. ಹಸಿರು ಚುಕ್ಕಿ ಅಂದರೆ ಸಿಗ್ನಲ್ ಚೆನ್ನಾಗಿದೆ, ಹಳದಿ ಅಂದರೆ ಪರವಾಗಿಲ್ಲ, ಕೆಂಪು ಅಂದರೆ ಇಲ್ಲ. ಬಹುತೇಕ ಫೈಲುಗಳು ಹಸಿರಾಗಿಯೇ ಇರುತ್ತವೆ, ಇಲ್ಲದಿದ್ದರೆ ಮಾಡಿದ ಕೆಲಸಕ್ಕೆ ದುಡ್ಡು ಬರುವುದಿಲ್ಲ. ನನ್ನನ್ನು ತುಂಬ ದಿನದಿಂದ ಕಾಡುತ್ತಿರುವುದು ಆ ನಕ್ಷೆಗಳಲ್ಲಿ ಯಾವ ಚುಕ್ಕಿಯೂ ಬೀಳದೆ ಬಿಳಿಯಾಗಿಯೇ ಉಳಿಯುವ ಜಾಗಗಳು.

ಚುಕ್ಕಿ ಬೀಳುವುದು ಹೀಗೆ. ಒಬ್ಬ ಎಂಜಿನಿಯರ್ ಟೆಸ್ಟ್ ಫೋನ್ ಹಿಡಿದು, ಟ್ಯಾಬ್‌ನಲ್ಲಿ ಮಹಡಿಯ ನಕ್ಷೆ ತೆರೆದು ನಡೆಯುತ್ತಾರೆ. ಇದೇ ವಾಕ್ ಟೆಸ್ಟ್. ಕಟ್ಟಡದ ಒಳಗೆ ಜಿಪಿಎಸ್ ನಂಬುವ ಹಾಗಿಲ್ಲ. ಹಾಗಾಗಿ ಪ್ರತಿ ತಿರುವಿನಲ್ಲೂ ನಕ್ಷೆಯ ಮೇಲೆ ಬೆರಳಿಟ್ಟು ‘ಈಗ ಇಲ್ಲಿದ್ದೇನೆ’ ಅಂತ ತಾವೇ ಗುರುತು ಹಾಕಬೇಕು. ಎರಡು ಗುರುತುಗಳ ನಡುವೆ ಸಿಕ್ಕ ಅಳತೆಗಳನ್ನು ಸಾಫ್ಟ್‌ವೇರ್ ಸಾಲಾಗಿ ಹರಡುತ್ತದೆ. ಮುಖ್ಯವಾಗಿ ಅಳೆಯುವುದು ಆರ್‌ಎಸ್‌ಆರ್‌ಪಿ, ಅಂದರೆ ನೆಟ್‌ವರ್ಕಿನ ಗುರುತಿನ ಸಂಕೇತ ಫೋನಿಗೆ ಎಷ್ಟು ಬಲವಾಗಿ ತಲುಪುತ್ತಿದೆ ಅನ್ನುವುದು. ಇದರ ಅಳತೆ ಡಿಬಿಎಂ. ಮೈನಸ್ 70 ಡಿಬಿಎಂ ಇದ್ದರೆ ಬಹಳ ಚೆನ್ನ. ಮೈನಸ್ 95ರವರೆಗೆ ಮಾತು, ಡೇಟಾ ಎರಡೂ ಸಲೀಸು. ಮೈನಸ್ 115 ದಾಟಿದ ಮೇಲೆ ಕಾಲ್ ನಿಲ್ಲುವುದೇ ಕಷ್ಟ. ನಾನು ನೋಡಿದ ಹೆಚ್ಚಿನ ಒಪ್ಪಂದಗಳಲ್ಲಿ ಷರತ್ತು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ: ನೂರಕ್ಕೆ 95 ಚುಕ್ಕಿಗಳು ಮೈನಸ್ 95ಕ್ಕಿಂತ ಮೇಲಿರಬೇಕು.

ಕೇಳಲು ನ್ಯಾಯವಾಗಿಯೇ ಇದೆ. ನೂರಕ್ಕೆ ನೂರು ಯಾರಿಂದಲೂ ಆಗುವುದಿಲ್ಲ. ಆದರೆ ಇದರಲ್ಲಿ ಎರಡು ವಿಷಯ ಅಡಗಿವೆ. ಮೊದಲನೆಯದು, ಇದು ಚುಕ್ಕಿಗಳ ಲೆಕ್ಕ, ಜಾಗದ ಲೆಕ್ಕ ಅಲ್ಲ. ನಡೆಯದ ಕಡೆ ಚುಕ್ಕಿ ಇಲ್ಲ, ಚುಕ್ಕಿ ಇಲ್ಲದ ಕಡೆ ಫೇಲ್ ಆಗುವ ಪ್ರಶ್ನೆಯೂ ಇಲ್ಲ. ಎರಡನೆಯದು, ಬಿಟ್ಟುಹೋಗುವ ಆ ಐದು ಭಾಗ ಕಟ್ಟಡದ ತುಂಬ ಅಲ್ಲೊಂದು ಇಲ್ಲೊಂದು ಚದುರಿರುವುದಿಲ್ಲ. ಅದು ಪ್ರತಿ ಸಲವೂ ಅದೇ ಜಾಗಗಳಲ್ಲಿ ಬಂದು ಸೇರುತ್ತದೆ. ಕೆಳಗಿನ ಬೇಸ್‌ಮೆಂಟ್, ಪಂಪ್ ರೂಮ್, ಜನರೇಟರ್ ಇರುವ ಡಿಜಿ ರೂಮ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ, ಡ್ರೈವರ್‌ಗಳು ಕೂರುವ ಮೂಲೆ, ಹೌಸ್‌ಕೀಪಿಂಗ್‌ನವರು ಬಟ್ಟೆ ಬದಲಾಯಿಸುವ ಕೋಣೆ, ಫೈರ್ ಎಕ್ಸಿಟ್ ಮೆಟ್ಟಿಲು. ಆ ಜಾಗಗಳಲ್ಲಿ ಇಡೀ ದಿನ ಇರುವವರು ಯಾರು ಅಂತ ನಮಗೆಲ್ಲ ಗೊತ್ತು, ಅಲ್ವಾ?

ಗಾಜು, ಕಾಂಕ್ರೀಟು

ಹಿಂದೆ ಇಷ್ಟು ಕಷ್ಟ ಇರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಸಣ್ಣ ಫೋನಿನಲ್ಲಿ ಎಲ್ಲಿ ಬೇಕಾದರೂ ಮಾತಾಡಬಹುದಿತ್ತು ಅಂತ. ಅದರಲ್ಲಿ ಸುಳ್ಳಿಲ್ಲ. 900 ಮೆಗಾಹರ್ಟ್ಜ್‌ನ 2ಜಿ ಅಲೆಗಳು ಇಟ್ಟಿಗೆ ಗೋಡೆಯನ್ನು ಅಷ್ಟಾಗಿ ಲೆಕ್ಕಕ್ಕಿಡುತ್ತಿರಲಿಲ್ಲ. ಈಗ ನೆಟ್‌ವರ್ಕಿನ ಬಹುಪಾಲು ಡೇಟಾ ಹರಿಯುವುದು 1800, 2100, 2300 ಮತ್ತು 5ಜಿಯ 3300ರ ಆಸುಪಾಸಿನಲ್ಲಿ. ಆವರ್ತನ (ಫ್ರೀಕ್ವೆನ್ಸಿ) ಮೇಲೆ ಹೋದಷ್ಟೂ ಗೋಡೆ ದಾಟುವ ಶಕ್ತಿ ಕಮ್ಮಿ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಜ್ ಕೊಂಡದ್ದು ಜಿಯೋ ಒಂದೇ. ಅದು ಒಳಗೆ ಚೆನ್ನಾಗಿ ಬರುತ್ತದೆ, ಆದರೆ ನೆಲದಡಿಯ ಎರಡನೇ ಬೇಸ್‌ಮೆಂಟಿಗೆ ಅದೂ ಸಾಲದು.

ಕಟ್ಟಡಗಳೂ ಬದಲಾದವು. ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳ ಗಾಜು ಬರೀ ಗಾಜಲ್ಲ. ಬಿಸಿಲಿನ ಕಾವು ಒಳಗೆ ಬಾರದಿರಲಿ ಅಂತ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಇರುತ್ತದೆ. ಕಾವನ್ನು ತಡೆಯುವ ಆ ಲೇಪ ರೇಡಿಯೋ ಅಲೆಗಳನ್ನೂ ತಡೆಯುತ್ತದೆ. 20ರಿಂದ 30 ಡಿಬಿವರೆಗೆ ಅಲ್ಲೇ ಕಳೆದುಹೋಗುತ್ತದೆ. ಡಿಬಿ ಲೆಕ್ಕ ಇಷ್ಟೇ: 3 ಕಳೆದರೆ ಅರ್ಧ ಉಳಿಯುತ್ತದೆ, 10 ಕಳೆದರೆ ಹತ್ತರಲ್ಲಿ ಒಂದು, 30 ಕಳೆದರೆ ಸಾವಿರದಲ್ಲಿ ಒಂದು. ಎಸಿ ಖರ್ಚು ಉಳಿಸಲು ಹಾಕಿದ ಗಾಜು ರಸ್ತೆಯಾಚೆಯ ಟವರಿನ ಸಿಗ್ನಲ್ಲನ್ನು ಸಾವಿರದಲ್ಲಿ ಒಂದು ಪಾಲು ಮಾಡಿಬಿಡುತ್ತದೆ. ಬೇಸ್‌ಮೆಂಟಿಗೆ ಗಾಜೂ ಇಲ್ಲ. ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಅದರೊಳಗೆ ಕಬ್ಬಿಣದ ಜಾಲ, ಸುತ್ತ ಮಣ್ಣು.

ಹಾಗಾಗಿ ಸಿಗ್ನಲ್ಲನ್ನು ನಾವೇ ಒಳಗೆ ಒಯ್ಯಬೇಕು. ಕೆಳಗೊಂದು ರೂಮಿನಲ್ಲಿ ಮೊಬೈಲ್ ಕಂಪನಿಗಳ ರೇಡಿಯೋ ಉಪಕರಣಗಳು ಇರುತ್ತವೆ. ಅವುಗಳ ಸಿಗ್ನಲ್ ಕಂಬೈನರ್‌ನಲ್ಲಿ ಒಂದಾಗಿ, ದಪ್ಪ ಕೇಬಲ್‌ನಲ್ಲಿ ಶಾಫ್ಟ್ ಹತ್ತಿ, ಪ್ರತಿ ಮಹಡಿಯಲ್ಲಿ ಕಪ್ಲರ್ ಮೂಲಕ ಒಂದು ಪಾಲು ಇಳಿದು, ಸ್ಪ್ಲಿಟರ್‌ಗಳಲ್ಲಿ ಒಡೆದು, ಸೀಲಿಂಗಿನ ಸಣ್ಣ ಬಿಳಿ ಆಂಟೆನಾಗಳಿಗೆ ಬರುತ್ತದೆ. ದೊಡ್ಡ ಕಟ್ಟಡವಾದರೆ ನಡುವೆ ಫೈಬರ್, ಮಹಡಿಗಳಲ್ಲಿ ಫೈಬರಿನಲ್ಲಿ ಬಂದದ್ದನ್ನು ಮತ್ತೆ ರೇಡಿಯೋ ಸಿಗ್ನಲ್ ಮಾಡುವ ರಿಮೋಟ್ ಯೂನಿಟ್. ಇದನ್ನು ಡ್ಯಾಸ್ ಅಂತಲೋ ಐಬಿಎಸ್ ಅಂತಲೋ ಕರೆಯುತ್ತೇವೆ. ಇಲ್ಲಿ ಎಲ್ಲವೂ ಹಂಚಿಕೆಯ ಲೆಕ್ಕ. ಎರಡು ದಾರಿಗೆ ಒಡೆದರೆ ಪ್ರತಿ ದಾರಿಗೆ ಅರ್ಧ, ನಾಲ್ಕು ದಾರಿಗೆ ಒಡೆದರೆ ಕಾಲು. ಅರ್ಧ ಇಂಚಿನ ಕೇಬಲ್ ನೂರು ಮೀಟರ್ ಓಡಿದರೆ 900ರಲ್ಲಿ ಸುಮಾರು 7 ಡಿಬಿ, 1800ರಲ್ಲಿ ಸುಮಾರು 10 ಡಿಬಿ ಕೇಬಲ್ಲಿನಲ್ಲೇ ಕರಗುತ್ತದೆ. ಅಡಿಕೆ ತೋಟದಲ್ಲಿ ಡ್ರಿಪ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾಲಿನ ಕೊನೆಯ ಗಿಡಕ್ಕೆ ಎಷ್ಟು ನೀರು ಬೇಕು ಅಂತ ಮೊದಲೇ ಲೆಕ್ಕ ಹಾಕದಿದ್ದರೆ ಆ ಗಿಡಕ್ಕೆ ನೀರು ಬರುವುದೇ ಇಲ್ಲ.

ನಮ್ಮ ಕಟ್ಟಡಗಳಲ್ಲಿ ಆ ಸಾಲಿನ ಕೊನೆಗೆ ಇರುವುದು ಬೇಸ್‌ಮೆಂಟ್. ಮೇಲಿನ ಮಹಡಿಗಳಲ್ಲಿ ಬಾಡಿಗೆ ಕೊಡುವವರು ಇದ್ದಾರೆ, ಜಾಸ್ತಿ ಡೇಟಾ ಬಳಸುವವರು ಇದ್ದಾರೆ. ಖರ್ಚು ಹಾಕುವವರು ಪ್ರತಿ ಆಂಟೆನಾಗೂ ಎಷ್ಟು ಬಳಕೆ ಅಂತ ಕೇಳುತ್ತಾರೆ. ವಿನ್ಯಾಸದ ಮೊದಲ ಕರಡಿನಲ್ಲಿ ಎಲ್ಲ ಜಾಗಗಳೂ ಇರುತ್ತವೆ. ಬೆಲೆಯ ಮಾತು ಮುಗಿದು ಕೊನೆಯ ಪ್ರತಿ ಬರುವ ಹೊತ್ತಿಗೆ ಕೆಳಗಿನ ಆಂಟೆನಾಗಳು ಮಾಯವಾಗಿರುತ್ತವೆ.

ಸಿಗ್ನಲ್ ಕಟ್ಟೆ

ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ಬ್ಲಾಕಿನಲ್ಲಿ ಸಿಗ್ನಲ್ ವಿಸ್ತರಿಸುವ ಕೆಲಸಕ್ಕೆ ಹೋಗಿದ್ದೆ. ರೇಡಿಯೇಷನ್ ಕೊಡುವ ಯಂತ್ರಗಳನ್ನು ಸಾಮಾನ್ಯವಾಗಿ ನೆಲದಡಿಯಲ್ಲೇ ಇಡುತ್ತಾರೆ. ಯಂತ್ರದ ಕಿರಣ ಹೊರಗೆ ಬಾರದ ಹಾಗೆ ಸುತ್ತ ದಪ್ಪ ಕಾಂಕ್ರೀಟ್ ಗೋಡೆ ಕಟ್ಟಬೇಕು. ಕಿರಣ ನೇರ ಬೀಳುವ ಕಡೆ ಗೋಡೆ ಎರಡು ಮೀಟರಿಗೂ ದಪ್ಪ ಇರುತ್ತದೆ. ಆ ಗೋಡೆಗಳ ಹೊರಗೆ ಒಂದು ಉದ್ದನೆಯ ಕಾಯುವ ಜಾಗ, ಸ್ಟೀಲ್ ಕುರ್ಚಿಗಳು. ಚಿಕಿತ್ಸೆ ಕೆಲವೇ ನಿಮಿಷದ್ದು, ಆದರೆ ವಾರಕ್ಕೆ ಐದು ದಿನದಂತೆ ಅನೇಕ ವಾರ ಬರಬೇಕು. ಹಾಗಾಗಿ ಅಲ್ಲಿ ಕೂತವರಿಗೆ ಒಬ್ಬರ ಮುಖ ಒಬ್ಬರಿಗೆ ಪರಿಚಯ. ಚಿಂತಾಮಣಿ, ಮಾಲೂರು, ಕನಕಪುರ, ದೂರದ ಸಿರುಗುಪ್ಪದಿಂದಲೂ ಬಂದು ಇಲ್ಲೇ ಎಲ್ಲಾದರೂ ರೂಮ್ ಮಾಡಿಕೊಂಡವರು. ಒಬ್ಬರ ಫೋನಿನಲ್ಲೂ ಒಂದು ಕಡ್ಡಿ ಸಿಗ್ನಲ್ ಇಲ್ಲ.

ಕಾರು ಇಳಿಯುವ ರ‍್ಯಾಂಪ್ ಇತ್ತಲ್ಲ, ಅದರ ತಿರುವಿನಲ್ಲಿ ಮೊಣಕಾಲೆತ್ತರದ ಒಂದು ಸಿಮೆಂಟಿನ ಕಟ್ಟೆ ಇತ್ತು. ಅಲ್ಲಿ ಮಾತ್ರ ಹೊರಗಿನ ಸಿಗ್ನಲ್ ಅಷ್ಟಿಷ್ಟು ಬರುತ್ತಿತ್ತು. ಸೆಕ್ಯೂರಿಟಿಯವರು ಅದಕ್ಕೆ ಸಿಗ್ನಲ್ ಕಟ್ಟೆ ಅನ್ನುತ್ತಿದ್ದರು. “ಒಂದು ಕಂಪನಿದು ಇಲ್ಲಿ ಕೂತ್ರೆ ಬರುತ್ತೆ ಸರ್, ಇನ್ನೊಂದು ಬೇಕಂದ್ರೆ ಆ ಕಂಬದ ಹತ್ರ ನಿಲ್ಬೇಕು,” ಅಂತ ಅವರೇ ನನಗೆ ತೋರಿಸಿಕೊಟ್ಟರು. ಜನ ಒರಗಿ ಒರಗಿ ಆ ಗೋಡೆಯ ಬಣ್ಣ ತಲೆಯ ಎತ್ತರಕ್ಕೆ ಎಣ್ಣೆಗಟ್ಟಿತ್ತು. ನನ್ನ ಕೈಯಲ್ಲಿ ಅಳತೆಯ ಉಪಕರಣ ಇತ್ತು. ಆದರೆ ಎಲ್ಲಿ ಎಷ್ಟು ಬರುತ್ತದೆ ಅನ್ನುವುದನ್ನು ಆ ಗೋಡೆಯೇ ನನಗಿಂತ ಮೊದಲು ಬರೆದಿಟ್ಟಿತ್ತು.

ಚಿಂತಾಮಣಿ ಕಡೆಯ ಒಬ್ಬರು ದಿನವೂ ಸಿಗುತ್ತಿದ್ದರು. ರೇಷ್ಮೆ ಬೆಳೆಯುವವರು. ಏಣಿ ಹಾಕಿ ಸೀಲಿಂಗ್ ಬಿಚ್ಚುತ್ತಿದ್ದ ನಮ್ಮನ್ನು ನೋಡಿ, “ಟವರ್ ಹಾಕ್ತಾ ಇದೀರಾ ಸಾರ್? ಬೇಗ ಹಾಕಿ,” ಅಂದರು. ಅವರ ಮನೆಯವರು ಒಳಗೆ ಇರುತ್ತಿದ್ದರು. ಹೆಸರು ಕೂಗಿದಾಗ ಇವರು ಅಲ್ಲೇ ಇರಬೇಕು, ಕೈ ಹಿಡಿದು ಕರೆದೊಯ್ಯಬೇಕು. ಮೇಲಿನ ಇನ್ಶೂರೆನ್ಸ್ ಡೆಸ್ಕಿನವರು ಅದೇ ಹೊತ್ತಿಗೆ ಫೋನ್ ಮಾಡಿ ಓಟಿಪಿ ಕೇಳುತ್ತಿದ್ದರು. ಫೋನ್ ಸಿಗದಿದ್ದರೆ ಆ ದಿನದ ಕಾಗದ ಮುಂದಕ್ಕೆ ಹೋಗುವುದಿಲ್ಲ. “ಮೇಲೆ ಹೋದ್ರೆ ಫೋನ್ ಬರುತ್ತೆ, ಇವಳನ್ನ ಕರೆಯೋದು ಕೇಳಲ್ಲ. ಇಲ್ಲಿದ್ರೆ ಇವಳು ಸಿಗ್ತಾಳೆ, ಫೋನ್ ಬರಲ್ಲ. ಎರಡು ಕಡೆ ಹೆಂಗಿರ್ಲಿ ಸಾರ್?” ಅಂತ ಅವರು ಕೇಳಿದ್ದು ನನಗೆ ಇವತ್ತಿಗೂ ಹಾಗೆಯೇ ನೆನಪಿದೆ. ಅವರ ದನಿಯಲ್ಲಿ ದೂರು ಇರಲಿಲ್ಲ. ನಿಜವಾಗಿಯೂ ಉಪಾಯ ಕೇಳುತ್ತಿದ್ದರು.

ಆ ಬ್ಲಾಕಿನ ಮೇಲಿನ ಮಹಡಿಗಳಲ್ಲಿ ಮೊದಲೇ ಡ್ಯಾಸ್ ಇತ್ತು. ಹಳೆಯ ಫೈಲಿನಲ್ಲಿ ಹಸಿರು ಚುಕ್ಕಿಗಳೂ ಇದ್ದವು. ಬೇಸ್‌ಮೆಂಟಿನ ಪುಟದಲ್ಲಿ ಲಿಫ್ಟ್ ಲಾಬಿಯ ಸುತ್ತ ಮಾತ್ರ ನಡೆದಿದ್ದರು. ಆ ಪುಟಕ್ಕೂ ಸಹಿ ಬಿದ್ದಿತ್ತು.

ಸರಿಮಾಡಲು ಬೇಕಾದದ್ದು ದೊಡ್ಡ ಕೆಲಸ ಏನೂ ಅಲ್ಲ, ಅದೇ ನನಗೆ ಬೇಜಾರು. ನೆಲಮಹಡಿಯ ಶಾಫ್ಟಿನಲ್ಲಿ 10 ಡಿಬಿಯ ಕಪ್ಲರ್ ಇತ್ತು. ಅಂದರೆ ಮುಖ್ಯ ಕೇಬಲ್ಲಿನಲ್ಲಿ ಹೋಗುವ ಶಕ್ತಿಯ ಹತ್ತನೇ ಒಂದು ಪಾಲು ಕೆಳಗಿನ ಕವಲಿಗೆ. ಅದನ್ನು ತೆಗೆದು 6 ಡಿಬಿಯದ್ದು ಹಾಕಿದೆವು. ಈಗ ಕೆಳಗಿನ ಕವಲಿಗೆ ಕಾಲು ಪಾಲು. ಅಲ್ಲಿಂದ ಕೇಬಲ್ ಎಳೆದು ಕಾಯುವ ಜಾಗ, ಪ್ಲಾನಿಂಗ್ ರೂಮಿನ ಮುಂದಿನ ಓಣಿ, ಔಷಧಿ ಕೌಂಟರ್, ಸ್ಟ್ರೆಚರ್ ಬರುವ ದಾರಿಗೆ ಆಂಟೆನಾ. ಇದರಿಂದ ಮೇಲಿನ ಮಹಡಿಗಳು ಕಳೆದುಕೊಂಡದ್ದು ಒಂದು ಡಿಬಿಗಿಂತ ಕಡಿಮೆ. ಜನ ಪಕ್ಕದಲ್ಲಿ ಎದ್ದು ಓಡಾಡಿದರೇ ಅದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಮೇಲಿನವರ ಯಾವ ಫೋನಿಗೂ ಗೊತ್ತಾಗದಷ್ಟು ತೆಗೆದು ಕೆಳಗಿನವರಿಗೆ ಕೊಟ್ಟರೆ ಕೆಳಗಿನ ಫೋನುಗಳು ರಿಂಗ್ ಆಗತೊಡಗುತ್ತವೆ. ಈ ಲೆಕ್ಕ ಮೊದಲ ದಿನವೇ ಯಾರಾದರೂ ಹಾಕಬಹುದಿತ್ತು.

ಒಬ್ಬ ನರ್ಸ್ ನಮ್ಮ ಹತ್ತಿರ ಬಂದು, ತಲೆಯ ಮೇಲೆ ಆಂಟೆನಾ ಇದ್ದರೆ ರೋಗಿಗಳಿಗೆ ತೊಂದರೆ ಇಲ್ಲವಾ ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಟವರುಗಳ ವಿಕಿರಣಕ್ಕೆ ಇರುವ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಸೀಲಿಂಗಿನ ಆಂಟೆನಾ ಹೊರಹಾಕುವುದು ಟವರಿಗೆ ಹೋಲಿಸಿದರೆ ತೀರಾ ಸಣ್ಣ ಶಕ್ತಿ. ಇನ್ನೊಂದು ವಿಷಯವನ್ನೂ ಅವರಿಗೆ ಹೇಳಿದೆ. ಸಿಗ್ನಲ್ ಇಲ್ಲದ ಕಡೆ ಫೋನ್ ತಾನೇ ಜೋರಾಗಿ ಕೂಗುತ್ತದೆ, 4ಜಿಯಲ್ಲಿ ಸುಮಾರು 200 ಮಿಲಿವ್ಯಾಟ್‌ವರೆಗೂ. ಆಂಟೆನಾ ಹತ್ತಿರ ಇದ್ದರೆ ಫೋನ್ ತನ್ನ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ. ಬೇಸ್‌ಮೆಂಟಿನಲ್ಲಿ ಡ್ಯೂಟಿ ಮಾಡುವ ಸೆಕ್ಯೂರಿಟಿಯವರ ಫೋನ್ ಮಧ್ಯಾಹ್ನಕ್ಕೇ ಯಾಕೆ ಆಫ್ ಆಗುತ್ತದೆ ಅನ್ನುವುದಕ್ಕೂ ಇದೇ ಉತ್ತರ. ಇಡೀ ಬೆಳಗ್ಗೆ ಅದು ನೆಟ್‌ವರ್ಕ್ ಹುಡುಕಿ ಹುಡುಕಿ ಬ್ಯಾಟರಿ ತಿಂದಿರುತ್ತದೆ.

ಕನೆಕ್ಟರ್ ಕಟ್ಟುವ ಕೈ

ನಕ್ಷೆ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಎಲ್ಲವೂ ಕನೆಕ್ಟರ್ ಕಟ್ಟುವವರ ಕೈಯಲ್ಲಿದೆ. ನಮ್ಮ ಜೊತೆ ರಾಯಚೂರು ಕಡೆಯ ಒಬ್ಬ ಟೆಕ್ನಿಷಿಯನ್ ಇದ್ದರು. ಆಸ್ಪತ್ರೆಗಳಲ್ಲಿ ಕೆಲಸ ಹೆಚ್ಚಾಗಿ ರಾತ್ರಿಯೇ ಮಾಡಬೇಕು. ಧೂಳು ಏಳಬಾರದು, ಡ್ರಿಲ್ ಸದ್ದು ಬರಬಾರದು, ಬೆಳಿಗ್ಗೆ ಪೇಷಂಟ್ ಬರುವಷ್ಟರಲ್ಲಿ ಸೀಲಿಂಗ್ ಟೈಲ್ ಒಂದೂ ಎದ್ದಿರಬಾರದು. ಅವರು ಏಣಿಯ ಮೇಲೆ ಕೂತು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಅರ್ಧ ಇಂಚಿನ ಕೇಬಲ್ ಕತ್ತರಿಸುತ್ತಿದ್ದರು. ಕತ್ತರಿಸುವಾಗ ಕೇಬಲ್ಲಿನ ಬಾಯಿಯನ್ನು ಯಾವಾಗಲೂ ಕೆಳಗೆ ಮಾಡಿ ಹಿಡಿಯುತ್ತಿದ್ದರು. ಹೊಸ ಹುಡುಗನೊಬ್ಬ ಮೇಲೆ ಮಾಡಿ ಹಿಡಿದಾಗ, “ಬಾಯಿ ಕೆಳಗ ಮಾಡಪಾ. ಪುಡಿ ಒಳಗ ಹೋತಂದ್ರ ಮುಗೀತು,” ಅಂದರು. ಆಮೇಲೆ ಬ್ರಷ್, ಆಮೇಲೆ ಒಣ ಬಟ್ಟೆ. ಬೆರಳಲ್ಲಿ ತಾಮ್ರ ಮುಟ್ಟುವ ಹಾಗಿಲ್ಲ. ಕೊನೆಗೆ ಟಾರ್ಕ್ ರೆಂಚ್. ಹೊಸ 4.3-10 ಕನೆಕ್ಟರ್‌ಗೆ 5 ನ್ಯೂಟನ್ ಮೀಟರ್ ಸಾಕು, ಹಳೆಯ 7/16 ಡಿನ್‌ಗೆ 25ರಿಂದ 30 ಬೇಕು. ಬರೀ ಕೈಯಲ್ಲಿ ಬಿಗಿ ಮಾಡಿದ್ದನ್ನು ಅವರು ಒಪ್ಪುತ್ತಿರಲಿಲ್ಲ.

ಈ ಶಿಸ್ತಿಗೆ ಕಾರಣ ಪಿಮ್ ಅನ್ನುವ ಒಂದು ಕಾಟ. ಸಡಿಲ ಕನೆಕ್ಟರ್, ಒಳಗೆ ಬಿದ್ದ ತಾಮ್ರದ ಪುಡಿ, ಆಂಟೆನಾ ಪಕ್ಕದ ತುಕ್ಕು ಹಿಡಿದ ಕ್ಲ್ಯಾಂಪ್, ಇಂಥ ಕಡೆ ಎರಡು ಬಲವಾದ ಸಿಗ್ನಲ್‌ಗಳು ಸೇರಿದರೆ ಅಲ್ಲಿ ಬೇಡದ ಮೂರನೆಯದು ಹುಟ್ಟುತ್ತದೆ. ಒಂದೇ ಕೇಬಲ್ಲಿನಲ್ಲಿ 1840 ಮತ್ತು 930 ಮೆಗಾಹರ್ಟ್ಜ್ ಹೋಗುತ್ತಿವೆ ಅಂದುಕೊಳ್ಳಿ. ಎರಡರ ವ್ಯತ್ಯಾಸ 910. ಅದು 900ರ ಬ್ಯಾಂಡಿನಲ್ಲಿ ಫೋನುಗಳು ನೆಟ್‌ವರ್ಕಿಗೆ ಮರಳಿ ಮಾತಾಡುವ ಜಾಗದಲ್ಲೇ ಬೀಳುತ್ತದೆ. ಬೇಸ್‌ಮೆಂಟಿನ ಫೋನಿನ ಸಣ್ಣ ದನಿ ಈ ಗದ್ದಲದಲ್ಲಿ ಕೇಳಿಸುವುದೇ ಇಲ್ಲ. ಫೋನಿನ ಮೇಲೆ ಕಡ್ಡಿಗಳು ಪೂರ್ತಿ ಇರುತ್ತವೆ, ಕಾಲ್ ಮಾತ್ರ ಹೋಗುವುದಿಲ್ಲ. ‘ಟವರ್ ಫುಲ್ ಇದೆ, ಮಾತು ಕೇಳಲ್ಲ’ ಅಂತ ಜನ ಹೇಳುವುದರಲ್ಲಿ ಎಷ್ಟೋ ಸಲ ಇದೂ ಒಂದು ಕಾರಣ.

ಪಿಮ್ ಪರೀಕ್ಷೆಯಲ್ಲಿ 20 ವ್ಯಾಟಿನ ಎರಡು ಸಿಗ್ನಲ್ ಕಳಿಸಿ ಏನು ಮರಳಿ ಬರುತ್ತದೆ ಅಂತ ನೋಡುತ್ತೇವೆ. ಅಲ್ಲಿ ನಾವು ಪಾಲಿಸಿದ ಮಿತಿಯ ಪ್ರಕಾರ, ಮರಳಿ ಬರುವುದು ಕಳಿಸಿದ್ದರ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು. ಪರೀಕ್ಷೆ ನಡೆಯುವಾಗ ಆ ಟೆಕ್ನಿಷಿಯನ್ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಒಂದೊಂದೇ ಕನೆಕ್ಟರನ್ನು ತಟ್ಟುತ್ತ ಹೋಗುತ್ತಿದ್ದರು. ಯಾವುದನ್ನು ತಟ್ಟಿದಾಗ ಮೀಟರಿನ ಮುಳ್ಳು ಮೇಲೆ ಹಾರಿತೋ ಅದನ್ನು ಬಿಚ್ಚಿ, ಕತ್ತರಿಸಿ, ಮೊದಲಿನಿಂದ ಕಟ್ಟುವುದು. ಓಣಿಯ ತುದಿಯ ಒಂದು ಆಂಟೆನಾ ಎಷ್ಟು ಮಾಡಿದರೂ ಪಾಸ್ ಆಗಲಿಲ್ಲ. ಕನೆಕ್ಟರ್ ಸರಿಯೇ ಇತ್ತು. ಅವರು ಏಣಿ ಹತ್ತಿ, ಎಸಿ ಡಕ್ಟಿನಿಂದ ಜೋತಾಡುತ್ತಿದ್ದ ಒಂದು ಹಳೆಯ ಕಬ್ಬಿಣದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಲುಗಾಡಿಸದೆ ನಿಲ್ಲಿಸಿದರು. ಮುಳ್ಳು ಇಳಿಯಿತು. ಆಂಟೆನಾವನ್ನು ಅಲ್ಲಿಂದ ಒಂದು ಟೈಲ್ ಆಚೆಗೆ ಸರಿಸಿದೆವು. ಇದು ಯಾವ ಡ್ರಾಯಿಂಗಿನಲ್ಲೂ ಇರುವುದಿಲ್ಲ. ನಮ್ಮ ಕ್ಷೇತ್ರದಲ್ಲಿ ಡಿಸೈನ್ ಮಾಡಿದವರ ಹೆಸರು ಫೈಲಿನ ಮೊದಲ ಪುಟದಲ್ಲಿ ಇರುತ್ತದೆ, ಇವರ ಹೆಸರು ಗೇಟಿನ ರಿಜಿಸ್ಟರಿನಲ್ಲಿ ಮಾತ್ರ. ಅದು ಬದಲಾಗಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಯಾವ ಕನೆಕ್ಟರ್ ಯಾರು ಕಟ್ಟಿದ್ದು ಅಂತ ಬರೆದರೆ ಒಳ್ಳೆಯ ಕೆಲಸಗಾರನಿಗೆ ಮಾನ, ಮುಂದೆ ರಿಪೇರಿಗೆ ಬರುವವನಿಗೆ ದಾರಿ.

ಸ್ಥಾಪನೆ ಆದಮೇಲೆ ಸೆಟ್ಟಿಂಗ್. ಫೈಬರ್ ಡ್ಯಾಸ್‌ನಲ್ಲಿ ರಿಮೋಟ್ ಯೂನಿಟ್ಟಿನ ಗೇನ್, ಅಂದರೆ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ, ಏರಿಸುವುದು ಸುಲಭ, ಅದಕ್ಕೇ ಎಲ್ಲರಿಗೂ ಏರಿಸುವ ಆಸೆ. ಫೋನಿನ ಕಡೆಯಿಂದ ನೆಟ್‌ವರ್ಕಿಗೆ ಹೋಗುವ ದಾರಿಯಲ್ಲಿ ಗೇನ್ ಜಾಸ್ತಿ ಮಾಡಿದರೆ ಗದ್ದಲವೂ ಜಾಸ್ತಿಯಾಗುತ್ತದೆ. ರಿಮೋಟ್‌ಗಳ ಸಂಖ್ಯೆ ಎರಡರಷ್ಟಾದಾಗ ಒಟ್ಟು ಗದ್ದಲ 3 ಡಿಬಿ ಏರುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಕೂರಿಸಿ ನೋಡಿಯೇ ಸಂಖ್ಯೆ ನಿರ್ಧರಿಸಬೇಕು. ಬಾಗಿಲಿನ ಹತ್ತಿರ ಒಳಗಿನ ಸಿಗ್ನಲ್ ರಸ್ತೆಗೆ ಚೆಲ್ಲಬಾರದು. ಚೆಲ್ಲಿದರೆ ಹೊರಗೆ ಹೋಗುವ ಬಸ್ಸಿನವರ ಫೋನೆಲ್ಲ ಒಳಗಿನ ಸೆಲ್ಲಿಗೆ, ಅಂದರೆ ಒಳಗಿನ ಸಿಗ್ನಲ್ಲಿನ ವ್ಯಾಪ್ತಿಗೆ, ಹಾರಿ, ಮರುಕ್ಷಣ ಕಾಲ್ ಕಳೆದುಕೊಳ್ಳುತ್ತವೆ. ಒಳಗಿನ ಸೆಲ್ಲಿಗೆ ಹೊರಗಿನ ನೆರೆಯ ಸೆಲ್‌ಗಳ ಪಟ್ಟಿ ಸರಿಯಾಗಿ ಕೊಡದಿದ್ದರೆ, ಮಾತಾಡುತ್ತ ಗೇಟು ದಾಟಿದವರ ಕಾಲ್ ಗೇಟಿನಲ್ಲೇ ತುಂಡಾಗುತ್ತದೆ.

ವೈಫೈ ಇದೆಯಲ್ಲ ಅನ್ನುವ ಮಾತು

ಬೇಸ್‌ಮೆಂಟ್ ಬಿಡುವಾಗ ಈಗ ಸಿದ್ಧ ಉತ್ತರ ಒಂದಿದೆ. ‘ವೈಫೈ ಕಾಲಿಂಗ್ ಇದೆಯಲ್ಲ.’ ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಮನೆಯಲ್ಲಿ ಇದು ನಿಜಕ್ಕೂ ಒಳ್ಳೆಯ ಸೌಲಭ್ಯ. ಆದರೆ ಆಫೀಸಿನ ವೈಫೈ ಪಾಸ್‌ವರ್ಡ್ ಕಂಪನಿಯ ನೌಕರರಿಗೆ. ಏಜೆನ್ಸಿ ಮೂಲಕ ಬಂದ ಸೆಕ್ಯೂರಿಟಿಯವರಿಗೆ, ಕ್ಯಾಬ್ ಡ್ರೈವರಿಗೆ, ಪಂಪ್ ಆಪರೇಟರಿಗೆ ಅದನ್ನು ಯಾರೂ ಕೊಡುವುದಿಲ್ಲ. ಆಸ್ಪತ್ರೆಯಲ್ಲಿ, ಮಾಲ್‌ನಲ್ಲಿ ಅತಿಥಿಗಳಿಗೆ ಅಂತ ಬೇರೆ ವೈಫೈ ಇರುತ್ತದೆ. ಅದಕ್ಕೆ ಸೇರಲು ಮೊಬೈಲ್ ನಂಬರ್ ಕೊಡಬೇಕು, ಓಟಿಪಿ ಬರಬೇಕು. ಓಟಿಪಿ ಬರಲು ಸಿಗ್ನಲ್ ಬೇಕು. ಚಿಂತಾಮಣಿಯವರಿಗೆ ಆ ಕಾಯುವ ಜಾಗದಲ್ಲಿ ವೈಫೈ ಬೋರ್ಡು ಎದುರಿಗೇ ಇತ್ತು.

ಬೇರೆ ದಾರಿ ಕಾಣದವರು ಕೊನೆಗೆ ಆನ್‌ಲೈನಿನಲ್ಲಿ ಬೂಸ್ಟರ್ ಕೊಂಡು ಹಾಕುತ್ತಾರೆ. ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಹೊರಗಿನ ಆಂಟೆನಾ, ಒಳಗಿನ ಆಂಟೆನಾ ಹತ್ತಿರ ಇದ್ದರೆ ಅದು ತನ್ನ ದನಿಯನ್ನೇ ತಾನು ಕೇಳಿ ಕಿರುಚತೊಡಗುತ್ತದೆ. ಆ ಬೀದಿಯ ಟವರಿಗೆ ಆಗ ಯಾವ ಫೋನೂ ಸರಿಯಾಗಿ ಕೇಳಿಸುವುದಿಲ್ಲ. ಒಂದು ಅಂಗಡಿಯ ಬೂಸ್ಟರಿನಿಂದ ಸುತ್ತಲಿನ ನೂರಾರು ಮನೆಗಳಿಗೆ ತೊಂದರೆ. ಹಾಕಿದವರನ್ನು ಹಿಡಿಯುವುದು ಸರಿ. ಅವರ ಅಂಗಡಿ ಇರುವ ಬೇಸ್‌ಮೆಂಟಿಗೆ ಸಿಗ್ನಲ್ ಯಾಕೆ ಇರಲಿಲ್ಲ ಅಂತಲೂ ಆಗಲೇ ಕೇಳಬೇಕು.

5ಜಿ ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗಿದೆ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾಯಿತು. ಮೊದಲು ಹಾಕಿದ ಎಷ್ಟೋ ಸ್ಪ್ಲಿಟರ್, ಕಪ್ಲರ್, ಆಂಟೆನಾಗಳು 698ರಿಂದ 2700 ಮೆಗಾಹರ್ಟ್ಜ್‌ವರೆಗೆ ಮಾತ್ರ ಮಾಡಿದವು. 3300ರ 5ಜಿ ಅವುಗಳಲ್ಲಿ ಸರಿಯಾಗಿ ಹಾಯುವುದಿಲ್ಲ. ಅದೇ ಅರ್ಧ ಇಂಚಿನ ಕೇಬಲ್‌ನಲ್ಲಿ ನಷ್ಟ ನೂರು ಮೀಟರಿಗೆ 15 ಡಿಬಿ ಹತ್ತಿರ ಹೋಗುತ್ತದೆ. 5ಜಿಯ ಪೂರ್ತಿ ವೇಗ ಬೇಕಾದರೆ ಒಂದು ಆಂಟೆನಾಗೆ ನಾಲ್ಕು ದಾರಿ ಬೇಕು, ಅಂದರೆ ನಾಲ್ಕು ಪಟ್ಟು ಕೇಬಲ್. ಅದಕ್ಕೇ ಈಗ ಸೀಲಿಂಗಿನಲ್ಲೇ ಸಣ್ಣ ರೇಡಿಯೋ ಕೂರಿಸಿ, ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟೂ ಕೊಡುವ ವ್ಯವಸ್ಥೆ ಬಂದಿದೆ. ಕೆಲಸ ಅಚ್ಚುಕಟ್ಟು, ಆದರೆ ಒಂದೊಂದು ಬಿಂದುವಿನ ಬೆಲೆ ಜಾಸ್ತಿ. ಬೆಲೆ ಜಾಸ್ತಿಯಾದರೆ ಬಿಂದುಗಳು ಕಮ್ಮಿ. ಕಮ್ಮಿ ಮಾಡುವಾಗ ಮೊದಲು ಹೊಡೆದುಹಾಕುವ ಸಾಲು ಮತ್ತೆ ಬೇಸ್‌ಮೆಂಟಿನದೇ.

ಯಾರ ಜೊತೆ ನಡೆಯಬೇಕು

ಅಮೆರಿಕದ ಬೆಂಕಿ ತಡೆ ಸಂಸ್ಥೆ ಎನ್‌ಎಫ್‌ಪಿಎ ಸುರಕ್ಷತಾ ನಿಯಮಗಳಲ್ಲಿ ಒಂದು ವಿಷಯ ಓದಿದಾಗ ನನಗೆ ಕಣ್ಣು ತೆರೆದಂತಾಯಿತು. ಅದು ಮೊಬೈಲಿಗಲ್ಲ, ಬೆಂಕಿ ಆರಿಸುವವರ ವಾಕಿಟಾಕಿಗೆ ಕಟ್ಟಡದೊಳಗೆ ಸಿಗ್ನಲ್ ಇರಬೇಕು ಅನ್ನುವ ನಿಯಮ. ಅದರಲ್ಲಿ ಅತಿ ಮುಖ್ಯ ಜಾಗಗಳು ಅಂತ ಒಂದು ಪಟ್ಟಿ ಇದೆ. ಫೈರ್ ಪಂಪ್ ರೂಮ್, ಹೊರಹೋಗುವ ಮೆಟ್ಟಿಲು, ಲಿಫ್ಟ್ ಲಾಬಿ ಎಲ್ಲ ಆ ಪಟ್ಟಿಯಲ್ಲಿವೆ. ಅಲ್ಲಿ 99 ಶೇಕಡಾ ಸಿಗ್ನಲ್ ಇರಬೇಕು, ಉಳಿದ ಕಡೆ ಅದಕ್ಕಿಂತ ಕಡಿಮೆ ಇದ್ದರೂ ನಡೆಯುತ್ತದೆ. ನಾವು ಮೊದಲು ಕೈಬಿಡುವ ಜಾಗಗಳೇ ಅಲ್ಲಿ ಪಟ್ಟಿಯ ತಲೆಯಲ್ಲಿವೆ. ಕಾರಣ ಸರಳ. ಅವರು ಆ ಜಾಗಗಳನ್ನು ಅಪಾಯದ ಹೊತ್ತಿನಲ್ಲಿ ನೋಡಿದ್ದಾರೆ, ನಾವು ಬಾಡಿಗೆಯ ಲೆಕ್ಕದಲ್ಲಿ ನೋಡುತ್ತಿದ್ದೇವೆ. ಎಸ್‌ಟಿಪಿ ಸ್ವಚ್ಛ ಮಾಡಲು ಇಳಿದವರು ಉಸಿರುಕಟ್ಟಿ ಸತ್ತ ಸುದ್ದಿಯನ್ನು ಬೆಂಗಳೂರಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಓದಿದ್ದೇವೆ. ಮೇಲೆ ನಿಂತವನಿಗೆ ಅಲ್ಲಿಂದಲೇ 112ಕ್ಕೆ ಫೋನ್ ಮಾಡಲು ಆಗಬೇಕು. ರ‍್ಯಾಂಪ್ ಓಡಿ ಹತ್ತಿ ಮಾಡುವುದಕ್ಕೂ ಅಲ್ಲೇ ನಿಂತು ಮಾಡುವುದಕ್ಕೂ ನಡುವೆ ಜೀವ ಇರುತ್ತದೆ.

ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಅಕ್ಟೋಬರಿನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮಗಳನ್ನು ಹೊರಡಿಸಿತು. ಮನೆ, ಆಫೀಸು ಕೊಳ್ಳುವವರಿಗೆ ನೀರು, ಕರೆಂಟಿನ ಹಾಗೆ ಸಿಗ್ನಲ್ ಹೇಗಿದೆ ಅಂತಲೂ ಸ್ಟಾರ್ ನೋಡಿ ಗೊತ್ತಾಗಲಿ ಅನ್ನುವ ಉದ್ದೇಶ. ನನಗೆ ಇದರಿಂದ ಸಂತೋಷ ಆಗಿದೆ. ಕಟ್ಟುವ ಮೊದಲೇ ಶಾಫ್ಟು, ಕೊಳವೆ, ರೂಮು ಬಿಟ್ಟರೆ ನಮ್ಮ ಅರ್ಧ ಕಷ್ಟ ತಪ್ಪುತ್ತದೆ. ಆದರೆ ಯಾವ ಸ್ಟಾರ್ ಬಂದರೂ ಕೊನೆಗೆ ಯಾರೋ ಒಬ್ಬರು ಫೋನ್ ಹಿಡಿದು ಅಳೆಯಲೇಬೇಕು. ಅವರು ಎಲ್ಲಿ ನಡೆದರು ಅನ್ನುವುದನ್ನೂ ಸ್ಟಾರ್ ಜೊತೆಗೇ ನೋಡಬೇಕು.

ನಾನು ಈಗ ವಾಕ್ ಟೆಸ್ಟ್ ಶುರು ಮಾಡುವ ಮುಂಚೆ ಕಟ್ಟಡದ ಸೆಕ್ಯೂರಿಟಿ ಸೂಪರ್‌ವೈಸರ್ ಮತ್ತು ಹೌಸ್‌ಕೀಪಿಂಗ್‌ನ ಹಿರಿಯ ಅಕ್ಕ ಒಬ್ಬರನ್ನು ಜೊತೆಗೆ ಕರೆಯುತ್ತೇನೆ. ನಕ್ಷೆ ಅವರ ಕೈಗೆ ಕೊಟ್ಟು, ನಿಮ್ಮವರು ಎಲ್ಲೆಲ್ಲಿ ಇರುತ್ತಾರೆ ಅಂತ ಕೇಳುತ್ತೇನೆ. ಅವರು ತೋರಿಸುವ ಬಾಗಿಲುಗಳು ಎಷ್ಟೋ ಸಲ ನಕ್ಷೆಯಲ್ಲೇ ಇರುವುದಿಲ್ಲ. ಮೆಟ್ಟಿಲ ಕೆಳಗೆ ಊಟ ಮಾಡುವ ಜಾಗ, ಲಿಫ್ಟ್ ಶಾಫ್ಟಿನ ಹಿಂದೆ ಬಕೆಟ್ ಇಡುವ ಸಂದು. ಪೆನ್ನಿನಲ್ಲಿ ಬರೆದುಕೊಂಡು ಅಲ್ಲೂ ನಡೆಯುತ್ತೇವೆ. ಇದಕ್ಕೆ ಇನ್ನೂ ಅರ್ಧ ದಿನ ಬೇಕಾಗುತ್ತದೆ. ಕೆಲವು ಕಡೆ ಕೊಡುತ್ತಾರೆ, ಕೆಲವು ಕಡೆ ಜಗಳ ಆಡಬೇಕು. ಬಂದ ಕೆಂಪು ಚುಕ್ಕಿಗಳನ್ನು ಹಾಗೆಯೇ ಫೈಲಿನಲ್ಲಿ ಇಡುತ್ತೇವೆ, ಪಕ್ಕದಲ್ಲಿ ಅಲ್ಲಿ ದಿನಕ್ಕೆ ಎಷ್ಟು ಜನ ಎಷ್ಟು ಹೊತ್ತು ಇರುತ್ತಾರೆ ಅಂತ ಬರೆದು. ಹಾಗೆ ಬರೆದ ಮೇಲೆ, ಎರಡು ಆಂಟೆನಾ ಉಳಿಸುವುದಕ್ಕೆ ವಾದ ಮಾಡುತ್ತಿದ್ದವರು ಸುಮ್ಮನೆ ಒಪ್ಪಿದ್ದನ್ನೂ ನೋಡಿದ್ದೇನೆ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ಆಫೀಸಿನಲ್ಲೋ ಈ ಕೆಲಸಕ್ಕೆ ಕಾಗದ ಬಂದಿದ್ದರೆ, ಆಂಟೆನಾ ಎಲ್ಲೆಲ್ಲಿ ಬರುತ್ತದೆ ಅನ್ನುವ ಪಟ್ಟಿ ಕೇಳಿ. ವಾಕ್ ಟೆಸ್ಟ್ ನಡೆಯುವ ದಾರಿಯ ಪಟ್ಟಿಯನ್ನೂ ಅದರ ಜೊತೆಗೇ ಕೇಳಿ. ಎರಡರಲ್ಲೂ ಪಂಪ್ ರೂಮ್, ಎಸ್‌ಟಿಪಿ, ಡ್ರೈವರ್‌ಗಳ ಕೋಣೆ, ಫೈರ್ ಮೆಟ್ಟಿಲು ಹೆಸರು ಹಿಡಿದು ಬರೆದಿದೆಯಾ ನೋಡಿ. ಇಲ್ಲದಿದ್ದರೆ ಸಹಿ ಹಾಕುವ ಮುಂಚೆಯೇ ಸೇರಿಸಿ. ಆಮೇಲೆ ಸೀಲಿಂಗ್ ಮುಚ್ಚಿದ ಮೇಲೆ ಅದೇ ಕೇಬಲ್ ಎಳೆಯಲು ಮೂರು ಪಟ್ಟು ಖರ್ಚಾದರೂ ಆಶ್ಚರ್ಯ ಇಲ್ಲ.